ಸೀಮಂತಕ್ಕೆ ಮೊದಲು ಹಲ್ಲು ತೋರಿಸಿ

ಈ ಅಂಕಣಕ್ಕೆ ಬರುವ ಪ್ರಶ್ನೆಗಳಲ್ಲಿ ಒಂದಂತೂ ಹೆಚ್ಚುಕಮ್ಮಿ ಅವೇ ಮಾತುಗಳಲ್ಲಿ ಮತ್ತೆ ಮತ್ತೆ ಬರುತ್ತಿರುತ್ತದೆ. "ನನಗೀಗ ಐದು ತಿಂಗಳು. ದವಡೆ ಹಲ್ಲು ರಾತ್ರಿಯೆಲ್ಲ ಸೆಳೆಯುತ್ತೆ. ಹೆರಿಗೆ ಆಗೋವರೆಗೂ ಹಲ್ಲಿನ ತಂಟೆಗೆ ಹೋಗಬೇಡ ಅಂತಾರೆ ಅತ್ತೆ. ಹಲ್ಲಿನ ಡಾಕ್ಟ್ರು ನಿಮ್ಮ ಹೆರಿಗೆ ಡಾಕ್ಟ್ರನ್ನ ಕೇಳ್ಕೊಂಡು ಬನ್ನಿ ಅಂದ್ರು. ಹೆರಿಗೆ ಡಾಕ್ಟ್ರು ಈಗ್ಯಾಕೆ, ಆಮೇಲೆ ನೋಡೋಣ ಅಂದ್ರು. ಏನು ಮಾಡ್ಲಿ?" ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಚಿಕಿತ್ಸೆ ಮಾಡಿಸಿಕೊಳ್ಳಿ. ಹುಳುಕು ತುಂಬಿಸುವುದು, ರೂಟ್ ಕೆನಾಲ್, ವಸಡಿನ ಕ್ಲೀನಿಂಗ್, ಅನಿವಾರ್ಯವಾದರೆ ಹಲ್ಲು ಕೀಳಿಸುವುದು ಕೂಡ ಬಸುರಿನಲ್ಲಿ ಮಾಡಬಹುದಾದ ಕೆಲಸಗಳೇ. ಸರಿಯಾದ ಎಚ್ಚರಿಕೆ ವಹಿಸಿ ಮಾಡಿದರೆ ತಾಯಿಗೂ ಅಪಾಯವಿಲ್ಲ, ಮಗುವಿಗೂ ಇಲ್ಲ. ಅಪಾಯ ಇರುವುದು ಮುಂದೂಡುವುದರಲ್ಲಿ.

ನಾನು ಹಲ್ಲಿನ ವೈದ್ಯೆ. ಕೆಲಸ ಮಾಡುವುದು ಚೆನ್ನೈನ ಕೋಯಂಬೇಡಿನಲ್ಲಿ. 1996ರಲ್ಲಿ ಇಲ್ಲಿಗೆ ಸಗಟು ಮಾರುಕಟ್ಟೆ ಬಂತು, 2002ರಲ್ಲಿ ದೊಡ್ಡ ಬಸ್ ನಿಲ್ದಾಣ ಬಂತು. ಕೋಲಾರದ ಟೊಮೆಟೊ, ಹೊಸೂರಿನ ಹೂವು ಬೆಳಗಿನ ಜಾವಕ್ಕೇ ಇಲ್ಲಿ ಇಳಿಯುತ್ತವೆ. ಆ ಲಾರಿಗಳ ಹಿಂದೆಯೇ ಮಂಡಿ ಲೆಕ್ಕ ಬರೆಯುವವರು, ಡ್ರೈವರುಗಳು, ಅವರ ಸಂಸಾರಗಳು ಬಂದು ನೆಲೆಸಿವೆ. ಹೀಗಾಗಿ ನಮ್ಮ ಕ್ಲಿನಿಕ್ಕಿನಲ್ಲಿ ತಮಿಳಿನ ಜೊತೆಗೆ ಗಡಿನಾಡಿನ ಕನ್ನಡ, ತೆಲುಗು ಎಲ್ಲ ಕೇಳಿಬರುತ್ತದೆ. ತವರಿಗೆ ಹೊರಟ ಬಸುರಿಯರು ಬಸ್ಸು ಹತ್ತುವ ಮೊದಲು ಒಮ್ಮೆ ತೋರಿಸಿ ಹೋಗೋಣ ಎಂದು ಬರುವುದೂ ಉಂಟು. ಎಷ್ಟೋ ಸಲ ಅಷ್ಟು ಹೊತ್ತಿಗೆ ತಡವಾಗಿರುತ್ತದೆ.

ಅಂಥ ಒಬ್ಬಾಕೆಯ ಕಥೆ ಹೇಳಬೇಕು. ಊರು ಮುಳಬಾಗಿಲ ಕಡೆ, ಗಂಡ ಟೊಮೆಟೊ ಮಂಡಿಯಲ್ಲಿ. ಆರು ತಿಂಗಳ ಬಸುರಿ. ಎಡಗಡೆ ಕೆಳದವಡೆ ಊದಿ, ಕಿವಿಯ ಕೆಳಗಿನವರೆಗೂ ಚರ್ಮ ಬಿಗಿದು ಮಿರುಗುತ್ತಿತ್ತು. ಬಾಯಿ ತೆರೆಯಮ್ಮಾ ಎಂದರೆ ಒಂದು ಬೆರಳು ಹಿಡಿಸುವಷ್ಟೂ ತೆರೆಯಲಾಗುತ್ತಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ಅತ್ತೆಯ ಮಡಿಲಲ್ಲಿ ಪ್ಲಾಸ್ಟಿಕ್ ಕವರು, ಅದರೊಳಗೆ ಊರಿನ ಆಸ್ಪತ್ರೆಯ ತಾಯಿ ಕಾರ್ಡ್. ಅದರಲ್ಲಿ ತೂಕ, ರಕ್ತದೊತ್ತಡ, ಹಿಮೋಗ್ಲೋಬಿನ್ ಎಲ್ಲವನ್ನೂ ಯಾರೋ ಅಚ್ಚುಕಟ್ಟಾಗಿ ಬರೆದಿದ್ದರು. ಹಲ್ಲಿನ ಬಗ್ಗೆ ಒಂದು ಸಾಲೂ ಇರಲಿಲ್ಲ. ನೋವು ಶುರುವಾಗಿದ್ದು ಮೂರನೇ ತಿಂಗಳಲ್ಲಂತೆ. "ಇಂಜೆಕ್ಷನ್ ಕೊಟ್ರೆ ಮಗೂಗೆ ಏನಾದ್ರೂ ಆದೀತು ಅಂತ ನಾವೇ ಬೇಡ ಅಂದ್ವಿ ಡಾಕ್ಟ್ರಮ್ಮಾ. ಮೆಡಿಕಲ್ ಶಾಪಿನ ಮಾತ್ರೆ ನುಂಗ್ಕೊಂಡು ಇದ್ಲು" ಎಂದರು ಅತ್ತೆ. ಖಾಲಿಯಾದ ಮಾತ್ರೆಯ ಹಾಳೆಗಳೂ ಆ ಕವರಿನಲ್ಲೇ ಇದ್ದವು. ಎಲ್ಲವೂ ಐಬುಪ್ರೊಫೆನ್ ಸೇರಿದ ನೋವಿನ ಮಾತ್ರೆಗಳು.

ಆ ಅತ್ತೆಯದು ನಿಜವಾದ ಕಾಳಜಿ, ಅದರಲ್ಲಿ ಅನುಮಾನವಿಲ್ಲ. ಆದರೆ ಸೊಸೆಗೆ ಬೇಡವೆಂದದ್ದು ನಿರಪಾಯದ ಇಂಜೆಕ್ಷನ್ನು, ದಿನಾ ಕೊಟ್ಟದ್ದು ಮಗುವಿಗೆ ಆಗದ ಮಾತ್ರೆ. ನಮ್ಮ ಭಯಗಳೆಲ್ಲ ಹೀಗೆ ತಲೆಕೆಳಗಾಗಿ ಕೂತಿವೆ ಎಂಬುದೇ ನನ್ನ ದುಃಖ. ಒಂದೊಂದನ್ನೂ ಎತ್ತಿ ಅದರ ಜಾಗದಲ್ಲಿ ಇಡೋಣ.

ಮೊದಲು ಇಂಜೆಕ್ಷನ್. ಹಲ್ಲಿಗೆ ಕೊಡುವುದು ಸಾಮಾನ್ಯವಾಗಿ ಲಿಗ್ನೋಕೇನ್. ಅದರ ಜೊತೆಗೆ ಸ್ವಲ್ಪ ಅಡ್ರಿನಲಿನ್ ಸೇರಿರುತ್ತದೆ. ಅಡ್ರಿನಲಿನ್ ಎಂದ ಕೂಡಲೇ ಗಾಬರಿಯಾಗಬೇಡಿ. ಅದು ಸುತ್ತಲಿನ ಸಣ್ಣ ರಕ್ತನಾಳಗಳನ್ನು ಕುಗ್ಗಿಸಿ ಔಷಧವನ್ನು ಹಲ್ಲಿನ ಸುತ್ತಲೇ ಹಿಡಿದಿಡುತ್ತದೆ. ಔಷಧ ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆ, ಮರಗಟ್ಟುವಿಕೆ ಹೆಚ್ಚು ಹೊತ್ತು ನಿಲ್ಲುತ್ತದೆ. ನಾವು ಸೂಜಿ ರಕ್ತನಾಳಕ್ಕೆ ಇಳಿದಿಲ್ಲವೆಂದು ಹಿಂದಕ್ಕೆಳೆದು ನೋಡಿಕೊಂಡೇ ಔಷಧ ಬಿಡುತ್ತೇವೆ. ಅಮೆರಿಕದ ಪ್ರಸೂತಿ ತಜ್ಞರ ಸಂಘ 2013ರಲ್ಲೇ ಈ ವಿಷಯವನ್ನು ಸ್ಪಷ್ಟವಾಗಿ ಹೇಳಿದೆ: ಅಡ್ರಿನಲಿನ್ ಇರಲಿ, ಇಲ್ಲದಿರಲಿ, ಈ ಇಂಜೆಕ್ಷನ್ ಬಸುರಿಯರಿಗೆ ಸುರಕ್ಷಿತ, ಹೊಟ್ಟೆ ಮತ್ತು ಕತ್ತನ್ನು ಮುಚ್ಚಿ ತೆಗೆಯುವ ಹಲ್ಲಿನ ಎಕ್ಸ್‌ರೇ ಕೂಡ ಸುರಕ್ಷಿತ. ಇಸ್ರೇಲಿನ ಸಂಶೋಧಕರು ಬಸುರಿನಲ್ಲಿ ಹಲ್ಲಿನ ಇಂಜೆಕ್ಷನ್ ತೆಗೆದುಕೊಂಡ 210 ಹೆಂಗಸರನ್ನು ಅದನ್ನು ತೆಗೆದುಕೊಳ್ಳದ 794 ಮಂದಿಯೊಂದಿಗೆ ಹೋಲಿಸಿ 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಹುಟ್ಟಿದ ಮಕ್ಕಳ ಅಂಗದೋಷಗಳಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ಎಕ್ಸ್‌ರೇಗೆ ಬರೋಣ. ಒಂದು ಹಲ್ಲಿನ ಚಿತ್ರಕ್ಕೆ ಬೇಕಾದ ಕಿರಣ ಬಹಳ ಕಡಿಮೆ. ಅದು ಗುರಿಯಿಡುವುದು ಕೆನ್ನೆಯ ಮೇಲಿನ ಸಣ್ಣ ಜಾಗಕ್ಕೆ, ಹೊಟ್ಟೆಯ ಕಡೆಗಲ್ಲ. ಮಣ್ಣು, ಕಲ್ಲು, ಆಕಾಶದಿಂದ ಬರುವ ಸಹಜ ವಿಕಿರಣವೇ ಒಂಬತ್ತು ತಿಂಗಳಲ್ಲಿ ಮಗುವಿಗೆ ಸುಮಾರು 1 ಮಿಲಿಗ್ರೇಯಷ್ಟು ತಾಗುತ್ತದೆ. ಹಲ್ಲಿನ ಎಕ್ಸ್‌ರೇಯಿಂದ ಗರ್ಭಕ್ಕೆ ತಲುಪುವುದು ಅದರ ನೂರನೇ ಒಂದು ಪಾಲಿಗಿಂತಲೂ ಕಡಿಮೆ. ಮಗುವಿಗೆ ತೊಂದರೆಯಾದೀತು ಎಂದು ವೈದ್ಯಲೋಕ ಯೋಚಿಸತೊಡಗುವುದೇ 50 ಮಿಲಿಗ್ರೇ ದಾಟಿದ ಮೇಲೆ. ಎಷ್ಟರಮಟ್ಟಿಗೆ ಎಂದರೆ, 2024ರಲ್ಲಿ ಅಮೆರಿಕದ ದಂತ ವೈದ್ಯರ ಸಂಘ ಸೀಸದ ಏಪ್ರನ್ನಿನ ಅಗತ್ಯವೇ ಇಲ್ಲ ಎಂದು ಹೇಳಿತು. ಆದರೂ ನಾನು ಬಸುರಿಯರಿಗೆ ಏಪ್ರನ್ ಹೊದಿಸುತ್ತೇನೆ. ಆಕೆಯ ಮನಸ್ಸಿಗೆ ಧೈರ್ಯ ಬರುತ್ತದೆ, ಆ ಧೈರ್ಯವೂ ಚಿಕಿತ್ಸೆಯ ಒಂದು ಭಾಗವೇ. ಹಾಗೆಂದು ಬೇಕಿಲ್ಲದ ಎಕ್ಸ್‌ರೇ ತೆಗೆಸಬಾರದು. ಬೇಕಾದದ್ದನ್ನು ತೆಗೆಯದೆ ಕಣ್ಣಂದಾಜಿನಲ್ಲಿ ರೂಟ್ ಕೆನಾಲ್ ಮಾಡುವುದೂ ತಪ್ಪು.

ಇನ್ನು ಮಾತ್ರೆ. ನಾನು ದನಿಯೆತ್ತಿ ಹೇಳಬೇಕಾದ ಜಾಗ ಇದು. ಐಬುಪ್ರೊಫೆನ್, ಡೈಕ್ಲೊಫಿನಾಕ್, ಕೆಟೊರೊಲಾಕ್ ಇವೆಲ್ಲ ಒಂದೇ ಗುಂಪಿನ ನೋವಿನ ಮಾತ್ರೆಗಳು. ಹಲ್ಲುನೋವು ಎಂದರೆ ಸಾಕು, ಅಂಗಡಿಯವರು ಮೊದಲು ಕೈಗಿಡುವುದು ಇವುಗಳನ್ನೇ. ಇಪ್ಪತ್ತನೇ ವಾರದ ನಂತರ ಇವು ಮಗುವಿನ ಮೂತ್ರಪಿಂಡದ ಮೇಲೆ ಪರಿಣಾಮ ಬೀರಿ ಗರ್ಭದೊಳಗಿನ ನೀರನ್ನು ಕಡಿಮೆ ಮಾಡಬಲ್ಲವು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರ ಅಕ್ಟೋಬರಿನಲ್ಲಿ ಎಚ್ಚರಿಸಿತು. ಕೊನೆಯ ತಿಂಗಳುಗಳಲ್ಲಿ ಮಗುವಿನ ಹೃದಯದ ಬಳಿಯ ಒಂದು ಮುಖ್ಯ ರಕ್ತನಾಳ ಅವಧಿಗೆ ಮೊದಲೇ ಮುಚ್ಚಿಕೊಳ್ಳುವ ಭಯವೂ ಇದೆ. ಬಸುರಿಗೆ ನೋವಿನ ಮಾತ್ರೆ ಎಂದರೆ ಪ್ಯಾರಾಸಿಟಮಾಲ್, ಅದೂ ವೈದ್ಯರು ಹೇಳಿದಷ್ಟು. ಕೀವಾಗಿದ್ದರೆ ಅಮಾಕ್ಸಿಸಿಲಿನ್‌ನಂಥ ಆ್ಯಂಟಿಬಯೋಟಿಕ್ ಕೊಡಬಹುದು. ಟೆಟ್ರಾಸೈಕ್ಲಿನ್, ಡಾಕ್ಸಿಸೈಕ್ಲಿನ್ ಜಾತಿಯವು ಬೇಡ. ಮಗುವಿನ ಹಾಲುಹಲ್ಲುಗಳು ಗಟ್ಟಿಯಾಗತೊಡಗುವುದು ನಾಲ್ಕನೇ ತಿಂಗಳ ಹೊತ್ತಿಗೆ; ಈ ಔಷಧ ಅವುಗಳಲ್ಲೇ ಕೂತು ಬಣ್ಣ ಕೆಡಿಸುತ್ತದೆ. ಅಂಗಡಿಯಲ್ಲಿ ಯಾವ ಮಾತ್ರೆ ಕೇಳುವಾಗಲೂ "ನಾನು ಬಸುರಿ" ಎಂಬ ಮಾತು ಮೊದಲು ಬರಲಿ. ಗಂಡನನ್ನು ಅಂಗಡಿಗೆ ಕಳಿಸುವವರು ಈ ಮಾತನ್ನು ಆತನ ಬಾಯಿಗೆ ಹಾಕಿಯೇ ಕಳಿಸಬೇಕು.

ಹಾಗಾದರೆ ಯಾವಾಗ ಮಾಡಿಸಬೇಕು? ಮೊದಲ ಮೂರು ತಿಂಗಳಲ್ಲಿ ಮಗುವಿನ ಅಂಗಾಂಗಗಳು ರೂಪುಗೊಳ್ಳುತ್ತಿರುತ್ತವೆ. ತಾಯಿಗೆ ವಾಂತಿ, ಸಂಕಟ. ಬಾಯೊಳಗೆ ಕನ್ನಡಿ ಇಟ್ಟರೂ ಓಕರಿಕೆ. ಇದರ ಜೊತೆಗೆ ಇನ್ನೊಂದು ಕಾರಣವಿದೆ, ಅದನ್ನು ವೈದ್ಯರು ಬಾಯಿಬಿಟ್ಟು ಹೇಳುವುದು ಕಡಿಮೆ. ಬಸುರೆಂದು ಗೊತ್ತಾದ ನೂರು ಮಂದಿಯಲ್ಲಿ ಹತ್ತಕ್ಕೂ ಹೆಚ್ಚು ಮಂದಿಗೆ ಯಾರ ತಪ್ಪೂ ಇಲ್ಲದೆ ಗರ್ಭ ಇಳಿದುಹೋಗುತ್ತದೆ, ಹೆಚ್ಚಿನವು ಈ ಮೂರು ತಿಂಗಳಲ್ಲೇ. ಅದೇ ವಾರ ಹಲ್ಲು ಕೀಳಿಸಿದ್ದರೆ ಅಪವಾದವೆಲ್ಲ ಹಲ್ಲಿನ ಮೇಲೆ, ಹಲ್ಲು ಕಿತ್ತವರ ಮೇಲೆ. ಆ ತಾಯಿಯೂ ಜೀವನವಿಡೀ ತನ್ನನ್ನೇ ಹಳಿದುಕೊಳ್ಳುತ್ತಾಳೆ. ನಮ್ಮಲ್ಲಿ ಎಷ್ಟೋ ದಂತ ವೈದ್ಯರು ಬಸುರಿಯನ್ನು ಕಂಡೊಡನೆ "ಕೇಳ್ಕೊಂಡು ಬನ್ನಿ" ಎಂದು ವಾಪಸು ಕಳಿಸುವುದರ ಹಿಂದೆ ಇಂಥ ಭಯವೇ ಹೆಚ್ಚು ಎಂದು ನನ್ನ ಅನಿಸಿಕೆ. ಕಾಯಬಹುದಾದ ಕೆಲಸವನ್ನು ಈ ಮೂರು ತಿಂಗಳು ಕಾಯಿಸುವುದು ಸರಿಯೇ. ಆದರೆ ಕೀವು, ಊತ, ತಡೆಯಲಾರದ ನೋವು ಇದ್ದರೆ ತಿಂಗಳ ಲೆಕ್ಕ ನೋಡುವಂತಿಲ್ಲ.

ಕೊನೆಯ ಮೂರು ತಿಂಗಳ ಕಷ್ಟ ಬೇರೆ. ಅಂಗಾತ ಮಲಗಿದರೆ ಗರ್ಭದ ಭಾರ ಬೆನ್ನುಮೂಳೆಯ ಮುಂದಿರುವ ದೊಡ್ಡ ರಕ್ತನಾಳಗಳ ಮೇಲೆ ಬೀಳುತ್ತದೆ. ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗಿ ಬೆವರು, ತಲೆಸುತ್ತು, ಕಣ್ಣುಕತ್ತಲೆ ಬರುತ್ತವೆ. ನಮ್ಮ ಕುರ್ಚಿಯೋ ಮಲಗಿಸುವ ಕುರ್ಚಿ. ಆಗ ಬಲ ಸೊಂಟದ ಕೆಳಗೆ ಒಂದು ದಿಂಬು ಕೊಟ್ಟು, ಮೈಯನ್ನು ಸ್ವಲ್ಪ ಎಡಕ್ಕೆ ವಾಲಿಸಿ, ಕುರ್ಚಿಯನ್ನು ಅರ್ಧ ಎತ್ತಿ, ನಡುನಡುವೆ ಎಬ್ಬಿಸಿ ಕೂರಿಸಿ ಕೆಲಸ ಮಾಡಬೇಕು. ಮಾಡಬಹುದು, ಆದರೆ ಆಕೆಗೆ ತ್ರಾಸ.

ಉಳಿದದ್ದು ನಡುವಿನ ಕಾಲ. ಹದಿನಾಲ್ಕನೇ ವಾರದಿಂದ ಇಪ್ಪತ್ತನೇ ವಾರದವರೆಗಿನ ಅವಧಿ ಹಲ್ಲಿನ ಕೆಲಸಕ್ಕೆ ಎಲ್ಲಕ್ಕಿಂತ ಅನುಕೂಲ. ವಾಂತಿ ನಿಂತಿರುತ್ತದೆ, ಹೊಟ್ಟೆ ಇನ್ನೂ ಭಾರವಾಗಿರುವುದಿಲ್ಲ. ನಮ್ಮ ಮನೆಗಳ ಲೆಕ್ಕದಲ್ಲಿ ಹೇಳುವುದಾದರೆ ವಾಂತಿ ನಿಂತ ಮೇಲೆ, ಸೀಮಂತಕ್ಕೆ ಮೊದಲು. ಏಳನೇ ತಿಂಗಳಲ್ಲಿ ನಾವು ಸೀಮಂತ ಮಾಡುತ್ತೇವೆ, ಇಲ್ಲಿಯ ತಮಿಳರು ವಳೈಕಾಪ್ಪು ಮಾಡಿ ಎರಡೂ ಕೈತುಂಬ ಬಳೆ ತೊಡಿಸುತ್ತಾರೆ. ಅದಾದ ಮೇಲೆ ತವರಿನ ಪ್ರಯಾಣ, ಹೊಸ ಊರು, ಹೊಸ ಡಾಕ್ಟರು. ಅಲ್ಲಿಂದ ಹೆರಿಗೆ, ಬಾಣಂತನ. "ಹೆರಿಗೆ ಆದ ಮೇಲೆ ನೋಡೋಣ" ಎನ್ನುವವರು ಒಂದನ್ನು ಮರೆಯುತ್ತಾರೆ: ಹೆರಿಗೆಯಾದ ಮೇಲೆ ಆ ಹೆಣ್ಣಿಗೆ ಹಲ್ಲು ತೋರಿಸಲು ಬಿಡುವೆಲ್ಲಿದೆ? ಕೈಯಲ್ಲಿ ಮಗು, ರಾತ್ರಿ ನಿದ್ದೆಯಿಲ್ಲ, ತಣ್ಣನೆ ಗಾಳಿ ತಾಗಬಾರದೆಂದು ಹೊರಗೆ ಕಳಿಸುವುದೂ ಇಲ್ಲ. ಮುಂದೂಡಿದ ಹಲ್ಲು ನಮ್ಮ ಬಳಿ ಬರುವುದು ಮಗುವಿನ ವರ್ಷದ ಹುಟ್ಟುಹಬ್ಬ ಕಳೆದ ಮೇಲೆ, ಅದೂ ಕೀಳುವ ಸ್ಥಿತಿಯಲ್ಲಿ.

ಬಸುರಿನಲ್ಲೇ ಹಲ್ಲು ಇಷ್ಟೊಂದು ಕಾಡುವುದೇಕೆ ಎಂದು ಕೇಳುತ್ತಾರೆ. ಮಗು ತಾಯಿಯ ಹಲ್ಲಿನಿಂದ ಸುಣ್ಣ ಎಳೆದುಕೊಳ್ಳುತ್ತದೆ, ಅದಕ್ಕೇ ಹಲ್ಲು ಹೋಗುತ್ತದೆ ಎಂಬ ನಂಬಿಕೆ ನಿಜವಲ್ಲ. ಒಮ್ಮೆ ಗಟ್ಟಿಯಾದ ಹಲ್ಲಿನಿಂದ ಕ್ಯಾಲ್ಸಿಯಂ ಹೀಗೆ ಹೊರಬರುವುದಿಲ್ಲ. ನಿಜವಾಗಿ ನಡೆಯುವುದು ವಸಡಿನಲ್ಲಿ. ಬಸುರಿನ ಹಾರ್ಮೋನುಗಳಿಂದ ವಸಡಿಗೆ ರಕ್ತದ ಹರಿವು ಹೆಚ್ಚಿ, ಹಲ್ಲಿನ ಬುಡದಲ್ಲಿ ಕೂತ ಅಲ್ಪಸ್ವಲ್ಪ ಕೊಳೆಗೂ ಅದು ಕೆಂಪಾಗಿ ಊದಿಕೊಳ್ಳುತ್ತದೆ. ಅರ್ಧಕ್ಕಿಂತ ಹೆಚ್ಚು ಬಸುರಿಯರಿಗೆ ಇದು ಆಗುತ್ತದೆ. ಬ್ರಷ್ ಮುಟ್ಟಿಸಿದರೆ ರಕ್ತ. ರಕ್ತ ಕಂಡು ಹೆದರಿ ಬ್ರಷ್ ಮಾಡುವುದನ್ನೇ ಬಿಟ್ಟು ಬೆರಳಿನಿಂದ ತಿಕ್ಕಿಕೊಳ್ಳುತ್ತಾರೆ, ಕೊಳೆ ಇನ್ನಷ್ಟು ಕೂರುತ್ತದೆ, ರಕ್ತ ಇನ್ನಷ್ಟು ಬರುತ್ತದೆ. ಮೆತ್ತನೆಯ ಬ್ರಷ್ಷಿನಲ್ಲಿ ದಿನಕ್ಕೆ ಎರಡು ಸಲ ಉಜ್ಜಲೇಬೇಕು, ಒಮ್ಮೆ ಕ್ಲೀನಿಂಗ್ ಮಾಡಿಸಬೇಕು. ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂಬುದೂ ಸುಳ್ಳು. ಕೆಲವರಿಗೆ ಎರಡು ಹಲ್ಲಿನ ನಡುವೆ ಕೆಂಪು ಗಂಟೊಂದು ಎದ್ದು ಬೆಳೆಯುತ್ತದೆ. ನೋಡಲು ಭಯ ಹುಟ್ಟಿಸುತ್ತದೆ, ಕ್ಯಾನ್ಸರೇ ಬಂತೆಂದು ಅಳುತ್ತಾ ಬಂದವರಿದ್ದಾರೆ. ಅದು ಕ್ಯಾನ್ಸರ್ ಅಲ್ಲ. ಸಾಮಾನ್ಯವಾಗಿ ಹೆರಿಗೆಯ ನಂತರ ತಾನಾಗಿ ಕುಗ್ಗುತ್ತದೆ. ತೋರಿಸಿಕೊಂಡು ಖಚಿತ ಮಾಡಿಕೊಂಡರೆ ಸಾಕು.

ವಾಂತಿಯ ವಿಷಯ ಒಂದಿದೆ. ಹೊಟ್ಟೆಯಿಂದ ಬರುವ ಆಮ್ಲ ಹಲ್ಲಿನ ಮೇಲ್ಪದರವನ್ನು ಮೆತ್ತಗೆ ಮಾಡುತ್ತದೆ. ಬಾಯಿ ಹುಳಿಯಾಯಿತೆಂದು ಕೂಡಲೇ ಬ್ರಷ್ ಹಿಡಿದರೆ ಮೆತ್ತಗಾದ ಆ ಪದರವನ್ನು ಉಜ್ಜಿ ತೆಗೆದಂತೆ. ಒಂದು ಲೋಟ ನೀರಿಗೆ ಒಂದು ಟೀ ಚಮಚ ಅಡುಗೆ ಸೋಡಾ ಹಾಕಿ ಬಾಯಿ ಮುಕ್ಕಳಿಸಿ ಉಗಿಯಿರಿ. ಬ್ರಷ್ ಏನಿದ್ದರೂ ಅರ್ಧ ಗಂಟೆಯ ನಂತರ. ಬಯಕೆಯ ಹುಣಸೆ, ಮಾವಿನಕಾಯಿಗೆ ನಾನು ಅಡ್ಡ ಬರುವುದಿಲ್ಲ. ತಿಂದ ಮೇಲೆ ನೀರಿನಲ್ಲಿ ಬಾಯಿ ಮುಕ್ಕಳಿಸಿಕೊಳ್ಳಿ.

ಒಂದು ಅತಿರೇಕದ ಬಗ್ಗೆಯೂ ಎಚ್ಚರಿಸಬೇಕು. ಹಲ್ಲು ಕ್ಲೀನ್ ಮಾಡಿಸದಿದ್ದರೆ ಮಗು ದಿನ ತುಂಬುವ ಮೊದಲೇ ಹುಟ್ಟುತ್ತದೆ ಎಂದು ಹೆದರಿಸುವವರಿದ್ದಾರೆ. ವಸಡಿನ ರೋಗಕ್ಕೂ ಅವಧಿಗೆ ಮುಂಚಿನ ಹೆರಿಗೆಗೂ ಸಂಬಂಧವಿರಬಹುದು ಎಂಬ ಮಾತು 1996ರಲ್ಲಿ ಅಮೆರಿಕದ ಸಂಶೋಧನೆಯೊಂದರಿಂದ ಎದ್ದಿತು. ಹತ್ತು ವರ್ಷದ ನಂತರ, 2006ರಲ್ಲಿ, 823 ಬಸುರಿಯರ ಮೇಲೆ ನಡೆದ ದೊಡ್ಡ ಪರೀಕ್ಷೆಯ ಫಲಿತಾಂಶ ಬಂತು. ಅರ್ಧದಷ್ಟು ಮಂದಿಗೆ ಬಸುರಿನಲ್ಲೇ ವಸಡಿನ ಚಿಕಿತ್ಸೆ, ಉಳಿದವರಿಗೆ ಹೆರಿಗೆಯ ನಂತರ. ಅವಧಿಗೆ ಮುಂಚಿನ ಹೆರಿಗೆ ಚಿಕಿತ್ಸೆ ಪಡೆದವರಲ್ಲಿ ಶೇ. 12, ಪಡೆಯದವರಲ್ಲಿ ಶೇ. 12.8, ಅಂದರೆ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಈ ಪರೀಕ್ಷೆಯಿಂದ ನಾನು ಕಲಿತದ್ದು ಎರಡು. ಹೆರಿಗೆಯ ಬಗ್ಗೆ ಇಲ್ಲದ ಭರವಸೆಯನ್ನು ನಾವು ಮಾರಬಾರದು. ಜೊತೆಗೆ, ಬಸುರಿನಲ್ಲಿ ವಸಡಿನ ಆಳದವರೆಗೂ ಕ್ಲೀನ್ ಮಾಡಿದ್ದರಿಂದ ತಾಯಂದಿರಿಗೆ, ಮಕ್ಕಳಿಗೆ ಹಾನಿಯಾಗಲಿಲ್ಲ. ಹಲ್ಲು ತೋರಿಸಿಕೊಳ್ಳಲು ಆ ತಾಯಿಯ ನೋವೇ ಸಾಕಷ್ಟು ಕಾರಣ, ಬೇರೆ ಬೆದರಿಕೆ ಬೇಕಿಲ್ಲ.

ಕಾಯಬೇಕಾದ ಕೆಲಸಗಳೂ ಇವೆ. ಹಲ್ಲು ಬಿಳಿ ಮಾಡಿಸುವುದು, ಇಂಪ್ಲಾಂಟ್, ಅಂದಕ್ಕಾಗಿ ಮಾಡುವ ಯಾವುದೇ ಕೆಲಸ ಆಮೇಲೆ ಆಗಲಿ. ಹುಳುಕಿಗೆ ಪಾದರಸ ಸೇರಿದ ಬೆಳ್ಳಿ ಬಣ್ಣದ ಸಿಮೆಂಟು ಬೇಡ, ಬಿಳಿಯದನ್ನೇ ಕೇಳಿ ಹಾಕಿಸಿಕೊಳ್ಳಿ. ಬಸುರಿಯರಿಗೆ ಪಾದರಸದ ಸಿಮೆಂಟು ಹಾಕಬಾರದೆಂದು ಪಾದರಸದ ಕುರಿತಾದ ಮಿನಮಾಟಾ ಒಪ್ಪಂದದ ದೇಶಗಳು 2022ರಲ್ಲಿ ತೀರ್ಮಾನಿಸಿವೆ, ಭಾರತವೂ ಆ ಒಪ್ಪಂದದಲ್ಲಿದೆ. ಆದರೆ ಬಾಯಲ್ಲಿ ಮೊದಲೇ ಇರುವ ಹಳೆಯ ಬೆಳ್ಳಿ ಸಿಮೆಂಟನ್ನು ಈಗ ಕೀಳಿಸಬೇಡಿ. ಕೊರೆಯುವಾಗಲೇ ಪಾದರಸದ ಆವಿ ಏಳುವುದು.

ಮುಳಬಾಗಿಲಿನ ಆ ಹುಡುಗಿಯ ವಿಷಯಕ್ಕೆ ಬರುತ್ತೇನೆ. ಕೆಳಗಿನ ದವಡೆ ಹಲ್ಲಿನ ಕೀವು ಗಲ್ಲದ ಕೆಳಗೆ ಹರಡಿ ಉಸಿರಿನ ದಾರಿಯನ್ನೇ ಒತ್ತಬಲ್ಲದು. ಹಲ್ಲಿನ ಕಾಯಿಲೆ ಜೀವಕ್ಕೆ ಬರುವುದು ಹಾಗೆ. ಆಕೆಯ ಹೆರಿಗೆ ವೈದ್ಯರಿಗೆ ಫೋನ್ ಮಾಡಿದೆ, ಅವರು ಒಡನೆ ಒಪ್ಪಿದರು. ಬಲ ಸೊಂಟದಡಿ ದಿಂಬಿಟ್ಟು, ಇಂಜೆಕ್ಷನ್ ಕೊಟ್ಟು ಕೀವು ಹೊರಬಿಟ್ಟೆವು. ಆ್ಯಂಟಿಬಯೋಟಿಕ್ ಶುರು ಮಾಡಿ, ಬಾಯಿ ತೆರೆಯಲು ಬಂದ ಮೇಲೆ ಹಲ್ಲು ತೆಗೆದೆವು. ಮೂರನೇ ತಿಂಗಳಲ್ಲೇ ಬಂದಿದ್ದರೆ ಆ ಹಲ್ಲು ಉಳಿಯುತ್ತಿತ್ತು. ನಾನು ಮತ್ತು ಹೆರಿಗೆ ವೈದ್ಯರು ಆಡಿದ್ದು ಎರಡು ನಿಮಿಷದ ಮಾತು. ಆ ಮಾತನ್ನು ಇಬ್ಬರು ವೈದ್ಯರ ನಡುವೆ ಹೊತ್ತು ತಿರುಗುವ ಕೆಲಸ ಬಸುರಿ ಹೆಂಗಸಿನದಾಗಬಾರದು. ಫೋನ್ ಮಾಡಬೇಕಾದವರು ನಾವು, ವೈದ್ಯರು. ಕನಿಷ್ಠ ಒಂದು ಚೀಟಿ: ಎಷ್ಟನೇ ವಾರ, ರಕ್ತದೊತ್ತಡ ಎಷ್ಟು, ಸಕ್ಕರೆ ಇದೆಯೇ, ಯಾವ ಮಾತ್ರೆ ನಡೆಯುತ್ತಿದೆ. ಅಷ್ಟಿದ್ದರೆ ಸಾಕು.

ದುಡ್ಡಿನ ಚಿಂತೆ ಇರುವವರಿಗೆ ದಾರಿ ಇದೆ. ಕೋಯಂಬೇಡಿನಿಂದ ಮೆಟ್ರೊ ಹತ್ತಿದರೆ ಎಗ್ಮೋರ್‌ನಲ್ಲಿ 1844ರಿಂದ ನಡೆದುಬಂದಿರುವ ಸರ್ಕಾರಿ ಹೆರಿಗೆ ಆಸ್ಪತ್ರೆ ಇದೆ. ಮುಂದಿನ ನಿಲ್ದಾಣ ಸೆಂಟ್ರಲ್‌ನಲ್ಲಿ ಇಳಿದರೆ, ಕೋಟೆ ರೈಲು ನಿಲ್ದಾಣದ ಎದುರಿಗೆ 1953ರಲ್ಲಿ ಶುರುವಾದ ಸರ್ಕಾರಿ ದಂತ ಕಾಲೇಜು. ಮಧುರವಾಯಲ್, ವೇಲಪ್ಪನ್‌ಚಾವಡಿ ಕಡೆ ಹೊರಟರೆ ಪೂನಮಲ್ಲಿ ಹೆದ್ದಾರಿಯ ಆಸುಪಾಸಿನಲ್ಲೇ ಖಾಸಗಿ ದಂತ ಕಾಲೇಜುಗಳಿವೆ. ಬೆಂಗಳೂರಿನ ತವರಿಗೆ ಹೋಗುವವರಿಗೆ ಕೋಟೆ ಪ್ರದೇಶದಲ್ಲಿ ವಾಣಿವಿಲಾಸ ಆಸ್ಪತ್ರೆಯ ನೆರೆಯಲ್ಲೇ ಸರ್ಕಾರಿ ದಂತ ಕಾಲೇಜಿದೆ. 2016ರಿಂದ ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ನಡೆಯುತ್ತದೆ. ಅಂದು ವೈದ್ಯರೆದುರು ಬಾಯಿ ತೆರೆದು ತೋರಿಸಿ, ಹಲ್ಲಿನ ವೈದ್ಯರಿಗೆ ಚೀಟಿ ಬರೆಸಿಕೊಳ್ಳಿ.

ಮನೆಯ ಹಿರಿಯರಲ್ಲಿ, ಅದರಲ್ಲೂ ಅತ್ತೆಯರಲ್ಲಿ ನನ್ನದೊಂದು ಕೋರಿಕೆ. ಸೊಸೆ ಹಲ್ಲುನೋವು ಎಂದಾಗ ತಡೆಯಬೇಡಿ, ಆಕೆಯನ್ನು ಒಬ್ಬಳನ್ನೇ ಕಳಿಸಲೂ ಬೇಡಿ. ತಿಂಡಿ ತಿನ್ನಿಸಿ, ಬೆಳಗಿನ ಹೊತ್ತಿನಲ್ಲಿ, ನೀವೇ ಜೊತೆಯಲ್ಲಿ ಕರೆದುಕೊಂಡು ಬನ್ನಿ. ನಿಮ್ಮ ಪ್ರಶ್ನೆಗಳನ್ನೆಲ್ಲ ನಮ್ಮನ್ನು ಕೇಳಿ. ಮುಖ ಊದಿದ್ದರೆ, ಜ್ವರವಿದ್ದರೆ, ನುಂಗಲು ಕಷ್ಟವಾಗುತ್ತಿದ್ದರೆ ಬೆಳಗಿನವರೆಗೂ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಹೊರಡಿ.